ಕರೆಂಟು ಹೋಗೋದರೊಳಗೆ ಕಾಂಟ್ರಾ

ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇದಾನೆ. ಶುಕ್ರವಾರ ಬಂತೆಂದರೆ ಒಂದು ಕಪ್ಪು ಟೀ ಶರ್ಟ್ ಹಾಕ್ಕೊಂಡು ಬರ್ತಾನೆ. ಅದರ ಮೇಲೆ ಬರೀ ಬಾಣದ ಗುರುತುಗಳು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಆಮೇಲೆ ಬಿ, ಎ. ಗೊತ್ತಿದ್ದವರು ನೋಡಿ ನಗ್ತಾರೆ. ಕಾಂಟ್ರಾ ಗೇಮಿನಲ್ಲಿ 3 ಲೈಫ್ ಬದಲು 30 ಲೈಫ್ ಕೊಡುವ ಮಂತ್ರ ಅದು. ಮೊನ್ನೆ ಕಾಫಿ ಮೆಷಿನ್ ಹತ್ತಿರ ಮಾತಿಗೆ ಮಾತು ಬೆಳೆದು ಆ ಹುಡುಗ, "ಈ ಕೋಡ್ ಇಲ್ದೆ ಕಾಂಟ್ರಾ ಯಾರೂ ಮುಗಿಸಿಲ್ಲ ಸರ್, ಅಷ್ಟು ಕಷ್ಟದ ಗೇಮ್" ಅಂದ.

"ನಾವು ಮುಗಿಸಿದೀವಿ" ಅಂದೆ.

"ನಾವು ಅಂದ್ರೆ?"

"ನಾನು, ನಮ್ಮಣ್ಣ."

ಅವನು ನಂಬಲಿಲ್ಲ. ಅದು ಹೋಗಲಿ ಬಿಡಿ. ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ಕಾಂಟ್ರಾ ಬಗ್ಗೆ ಯಾರು ಬರೆದರೂ, ಯಾರು ವಿಡಿಯೋ ಮಾಡಿದರೂ ಎರಡೇ ಮಾತು: ತುಂಬಾ ಕಷ್ಟದ ಗೇಮು, ಮತ್ತು 30 ಲೈಫ್ ಕೋಡು. ನನ್ನ ಪ್ರಕಾರ ಇವೆರಡೂ ಆ ಗೇಮಿನ ದೊಡ್ಡತನ ಅಲ್ಲ. ಕಾಂಟ್ರಾ ದೊಡ್ಡ ಗೇಮ್ ಆಗಿದ್ದು ಅದು ಚಿಕ್ಕದಾಗಿದ್ದರಿಂದ, ಅದರಲ್ಲಿ ಮಾತೇ ಇಲ್ಲದ್ದರಿಂದ, ಮತ್ತು ಇಬ್ಬರು ಕೂತು ಆಡುವಾಗ ಒಬ್ಬ ಇನ್ನೊಬ್ಬನ ಕಡೆ ನೋಡಲೇಬೇಕು ಎಂಬ ಒಂದು ಕಠಿಣ ನಿಯಮ ಅದರಲ್ಲಿ ಇದ್ದುದರಿಂದ. ಆ ನಿಯಮವನ್ನು ನಾನು ಒಮ್ಮೆ ಮುರಿದಿದ್ದೇನೆ. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಮೊದಲು ಈ ಗೇಮು ನಮ್ಮ ಕಡೆ ಬಂದ ಬಗೆ. ನಮ್ಮೂರು ಅಜ್ಜಂಪುರದ ಹತ್ತಿರ. ಈರುಳ್ಳಿ, ರಾಗಿ, ಬೋರ್‌ವೆಲ್ಲಿನಲ್ಲಿ ನೀರಿದ್ದರೆ ಒಂದಿಷ್ಟು ತೆಂಗು. ಕಡೂರಿನಲ್ಲಿ ನಮ್ಮ ಸೋದರಮಾವ ಕೊಬ್ಬರಿ ವ್ಯಾಪಾರ ಮಾಡ್ತಿದ್ದರು. 1997ರ ಸುಮಾರಿಗೆ ಅವರು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಿಂದ ತಮ್ಮ ಮಕ್ಕಳಿಗೆ ಒಂದು ಟಿವಿ ಗೇಮ್ ತಂದರು. ಎರಡು ರಿಮೋಟು (ಕಂಟ್ರೋಲರ್ ಅನ್ನೋ ಪದ ನಮಗೆ ಗೊತ್ತಿರಲಿಲ್ಲ), ಒಂದು ಅಡಾಪ್ಟರು, ಒಂದು ಹಳದಿ ಕ್ಯಾಸೆಟ್ಟು. ಟಿವಿಯ ಆಂಟೆನಾ ವೈರು ಕಿತ್ತು ಅದರ ಜಾಗಕ್ಕೆ ಗೇಮಿನ ವೈರು ಚುಚ್ಚಿ, ಟ್ಯೂನಿಂಗ್ ತಿರುಗಿಸಿ ತಿರುಗಿಸಿ, ಚುಕ್ಕಿ ಚುಕ್ಕಿ ಮಳೆಯೊಳಗಿಂದ ಚಿತ್ರ ಬರುವವರೆಗೆ ಕಾಯಬೇಕು. ಬೇಸಿಗೆ ರಜೆ ಪೂರ್ತಿ ನಾವು ಕಡೂರಿನಲ್ಲೇ ಇರ್ತಿದ್ವಿ. ಎರಡು ವರ್ಷದ ಮೇಲೆ ಮಾವನ ಮಕ್ಕಳಿಗೆ ಅದು ಬೇಸರವಾಯಿತು. ಅಣ್ಣ ಅದನ್ನು ಒಂದು ರಸಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಬೀರೂರಲ್ಲಿ ಬಸ್ಸು ಬದಲಿಸಿ, ತೊಡೆ ಮೇಲೆ ಇಟ್ಕೊಂಡು ಊರಿಗೆ ತಂದ.

ಅದು ನಕಲಿ ಮಾಲು ಅಂತ ನಮಗೆ ಗೊತ್ತಿರಲಿಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಪೆಟ್ಟಿಗೆ ತಂದಿತು. ಅದೇ ಅಮೆರಿಕದಲ್ಲಿ ಎನ್‌ಇಎಸ್ ಎಂಬ ಹೆಸರಲ್ಲಿ ಬಂತು. ಇಂಡಿಯಾದ ಬಹುಪಾಲು ಮನೆಗಳಿಗೆ ಬಂದದ್ದು ಇದರ ನಕಲುಗಳೇ. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಗೇಮ್ ಇದೆ ಅಂತ ಬರೆದಿರ್ತಿತ್ತು, ಒಳಗೆ ನೋಡಿದರೆ ಹತ್ತೋ ಇಪ್ಪತ್ತೋ ಗೇಮುಗಳೇ ತಿರುಗಾ ಮುರುಗಾ. ಮಾರಿಯೋ, ಗ್ಯಾಲಕ್ಸಿಯನ್, ಟ್ಯಾಂಕು, ಬಾತುಕೋಳಿ ಹೊಡೆಯೋದು. ಮೊದಲನೇ ನಂಬರಿನಲ್ಲಿ ಮಾತ್ರ ಯಾವಾಗಲೂ ಕಾಂಟ್ರಾ.

ಇದರ ಇತಿಹಾಸ ಸ್ವಲ್ಪ ಹೇಳಬೇಕು. ಕೊನಾಮಿ ಕಂಪನಿ 1987ರಲ್ಲಿ ಕಾಂಟ್ರಾವನ್ನು ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ ಮಾಡಿತು. 1988ರಲ್ಲಿ ಮನೆಯ ಪೆಟ್ಟಿಗೆಗೆ ತಂದಿತು. ಆರ್ಕೇಡಿನದು ಪರವಾಗಿಲ್ಲ ಅನ್ನೋ ಹಾಗಿದೆ. ಮನೆಯದೇ ಅದಕ್ಕಿಂತ ಒಳ್ಳೆಯದಾಯಿತು. ಇದು ಅಪರೂಪ. ದೊಡ್ಡ ಯಂತ್ರದ ಗೇಮನ್ನು ಸಣ್ಣ ಪೆಟ್ಟಿಗೆಗೆ ತುರುಕುವಾಗ ಸಾಮಾನ್ಯವಾಗಿ ಏನಾದರೂ ಕಳೆದುಹೋಗುತ್ತೆ. ಇಲ್ಲಿ ಹಾಗಾಗದೆ ಲೆವೆಲ್ಲುಗಳು ಬೆಳೆದವು, ಓಟ ಚುರುಕಾಯಿತು.

ಅದಕ್ಕೂ ಮುಂಚೆ ಗುಂಡು ಹಾರಿಸುವ ಗೇಮು ಅಂದ್ರೆ ಹೆಚ್ಚಾಗಿ ವಿಮಾನ, ಇಲ್ಲಾ ರಾಕೆಟ್ಟು. ಕೊನಾಮಿಯದೇ ಗ್ರಾಡಿಯಸ್ ಹಾಗಿತ್ತು. ಕಾಂಟ್ರಾ ಆ ವಿಮಾನವನ್ನು ಕೆಳಗಿಳಿಸಿ ಮನುಷ್ಯನ ಕೈಗೆ ಬಂದೂಕು ಕೊಟ್ಟಿತು. ಓಡು, ಹಾರು, ಮಲಗು, ಎಂಟು ದಿಕ್ಕಿಗೂ ಹೊಡಿ. ನೀಲಿ ಚಡ್ಡಿಯವನೊಬ್ಬ, ಕೆಂಪು ಚಡ್ಡಿಯವನೊಬ್ಬ. ಬಿಲ್ ರೈಜರ್, ಲ್ಯಾನ್ಸ್ ಬೀನ್ ಅಂತ ಅವರ ಹೆಸರು. ನಮಗೆ ನೀಲಿ ಚಡ್ಡಿ, ಕೆಂಪು ಚಡ್ಡಿ ಅಷ್ಟೇ. ನೀಲಿ ಯಾವಾಗಲೂ ಅಣ್ಣನಿಗೆ. ಯಾಕಂದ್ರೆ ಅವನು ಅಣ್ಣ.

ಈಗ ನಮ್ಮ ಸೀಮೆಗೆ ಇದು ಯಾಕೆ ಹಿಡಿಸಿತು ಅನ್ನೋ ಪ್ರಶ್ನೆ. ವಿಮರ್ಶಕರು ಇದನ್ನು ಕೇಳೋದೇ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಜೆಲ್ಡಾ ಇತ್ತು. ಪ್ರಪಂಚವೇ ಹೊಗಳಿದ ಗೇಮ್. ಕಡೂರು, ತರೀಕೆರೆ ಕಡೆ ಅದನ್ನು ಆಡಿದವರು ಒಬ್ಬರೂ ನನಗೆ ಸಿಕ್ಕಿಲ್ಲ. ಕಾರಣ ಸುಲಭ. ಜೆಲ್ಡಾ ಆಡಲು ಓದಬೇಕು, ಆಟವನ್ನು ಸೇವ್ ಮಾಡಿಟ್ಟು ನಾಳೆ ಮುಂದುವರಿಸಬೇಕು. ನಮಗೆ ಇಂಗ್ಲಿಷ್ ಬರ್ತಿರಲಿಲ್ಲ, ನಾಳೆ ಕರೆಂಟು ಎಷ್ಟೊತ್ತಿಗೆ ಬರುತ್ತೆ ಅಂತಲೂ ಗೊತ್ತಿರಲಿಲ್ಲ. ಕಾಂಟ್ರಾದಲ್ಲಿ ಓದುವುದು ಏನೂ ಇಲ್ಲ. ಬಲಕ್ಕೆ ಹೋಗಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಟ್ಟು 8 ಲೆವೆಲ್. ಕೈ ಪಳಗಿದವರಿಗೆ ಅರ್ಧ ಗಂಟೆ ಸಾಕು.

ಆ ಅರ್ಧ ಗಂಟೆ ನಮಗೆ ಎಷ್ಟು ಮುಖ್ಯ ಅಂತ ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಹೇಳಿದರೆ ಅರ್ಥವಾಗೋದು ಕಷ್ಟ. ಬೇಸಿಗೆಯಲ್ಲಿ ಸಂಜೆ 6ಕ್ಕೆ ಕರೆಂಟು ಹೋದರೆ ಯಾವಾಗ ಬರುತ್ತೋ ದೇವರೇ ಬಲ್ಲ. ನಾಲ್ಕೂವರೆಗೆ ಸ್ಕೂಲು ಬಿಡ್ತಿತ್ತು. ಮನೆಗೆ ಬಂದು, ಕಾಫಿ ಕುಡಿದು, ಅಮ್ಮ ಹೇಳಿದ ಎರಡು ಬಿಂದಿಗೆ ನೀರು ತಂದು, ಟಿವಿ ಮುಂದೆ ಕೂರುವಷ್ಟರಲ್ಲಿ ಐದೂಕಾಲು. ಉಳಿದದ್ದು ಮುಕ್ಕಾಲು ಗಂಟೆ. ಕಾಂಟ್ರಾ ಒಂದು ಸಲ ಪೂರ್ತಿ ಆಡಬಹುದು, ಎರಡು ಸಲ ಅರ್ಧಂಬರ್ಧ ಸಾಯಬಹುದು. ಒಸಾಕಾದಲ್ಲೋ ಟೋಕಿಯೋದಲ್ಲೋ ಕೂತು ಇದನ್ನು ಮಾಡಿದವರು ಅಜ್ಜಂಪುರದ ಕರೆಂಟು ನೋಡಿರಲಿಲ್ಲ. ಆದರೂ ಅಳತೆ ತಗೊಂಡು ಹೊಲಿದ ಅಂಗಿಯ ಹಾಗೆ ನಮಗೆ ಕೂತಿತು.

ಇನ್ನು ಕಷ್ಟ ಅನ್ನೋ ಮಾತು. ಒಂದೇ ಗುಂಡು ತಾಗಿದರೆ ಸಾವು, ಅದು ನಿಜ. ಆದರೆ ಗಮನಿಸಿ ನೋಡಿ: ಶತ್ರುವಿನ ಗುಂಡು ನಿಧಾನ. ದುಂಡಗೆ, ಬೆಳ್ಳಗೆ, ಕಣ್ಣಿಗೆ ಕಾಣುವ ಹಾಗೆ ಬರುತ್ತೆ. ನಾವು ಹಾರುವಾಗ ಗಾಳಿಯಲ್ಲೇ ದಿಕ್ಕು ಬದಲಿಸಬಹುದು. ಗೋಡೆ ಮೇಲಿನ ಫಿರಂಗಿ ನಮ್ಮ ಕಡೆ ತಿರುಗಲು ಒಂದಿಷ್ಟು ಹೊತ್ತು ತಗೊಳ್ಳುತ್ತೆ. ಸತ್ತಾಗ ಯಾಕೆ ಸತ್ತೆ ಅಂತ ಗೊತ್ತಾಗುತ್ತೆ. ಮುಂದಿನ ಸಲ ಅದೇ ತಪ್ಪು ಮಾಡಿದರೆ ಅದು ನಿಮ್ಮ ತಪ್ಪೇ. ಇದನ್ನು ಕಷ್ಟ ಅನ್ನೋದಕ್ಕಿಂತ ನ್ಯಾಯ ಅನ್ನೋದು ಮೇಲು. ನಮ್ಮ ಗಣಿತದ ಮೇಷ್ಟ್ರಿಗಿಂತ ಕಾಂಟ್ರಾ ಹೆಚ್ಚು ನ್ಯಾಯವಾಗಿತ್ತು, ಅವರು ಯಾಕೆ ಹೊಡೆದರು ಅಂತ ಎಷ್ಟೋ ಸಲ ಗೊತ್ತೇ ಆಗ್ತಿರಲಿಲ್ಲ.

ಹಾಗಂತ ಕುಂದೇ ಇಲ್ಲ ಅಂತಲ್ಲ. 2 ಮತ್ತು 4ನೇ ಲೆವೆಲ್ಲಿನಲ್ಲಿ ಕೋಟೆಯೊಳಗೆ ಒಂದೇ ಥರದ ಕೋಣೆಗಳು, ಒಂದಾದ ಮೇಲೊಂದು, ಬೇಜಾರು ಬರುತ್ತೆ. 7ನೇ ಲೆವೆಲ್ಲಿನಲ್ಲಿ ಮೇಲಿಂದ ಕೊಕ್ಕೆಗಳು ಇಳಿಯುತ್ತವೆ, ಮುಳ್ಳಿನ ಗೋಡೆಗಳು ಏಳುತ್ತವೆ. ಅಲ್ಲಿ ಬುದ್ಧಿಗಿಂತ ಉರು ಹೊಡೆದದ್ದೇ ಕೆಲಸಕ್ಕೆ ಬರೋದು. ಮತ್ತೆ ಆ ಹೆಸರು. ಕಾಂಟ್ರಾ ಅಂದರೆ ಆ ಕಾಲದಲ್ಲಿ ನಿಕರಾಗುವಾದಲ್ಲಿ ಅಮೆರಿಕದ ದುಡ್ಡಿನಿಂದ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಪಡೆಗಳ ಹೆಸರು. ಆರ್ಕೇಡ್ ಗೇಮಿನ ಕೊನೆಯ ಸಂಗೀತಕ್ಕೆ ಅವರ ಎದುರಾಳಿಗಳಾದ 'ಸ್ಯಾಂಡಿನಿಸ್ಟಾ'ಗಳ ಹೆಸರೇ ಇದೆ. ಒಂದು ದೇಶದ ಜನ ಸಾಯುತ್ತಿದ್ದ ಯುದ್ಧವನ್ನು ಬರೀ ಒಂದು ಚೆಂದದ ಸದ್ದು ಅಂತ ಎತ್ತಿಕೊಂಡದ್ದು ಇದು. ಯುರೋಪಿನಲ್ಲಿ ಮನೆಯ ಗೇಮಿಗೆ 'ಪ್ರೊಬೊಟೆಕ್ಟರ್' ಅಂತ ಹೆಸರಿಟ್ಟು, ಮನುಷ್ಯರ ಜಾಗದಲ್ಲಿ ರೋಬೋಗಳನ್ನು ಹಾಕಿ ಮಾರಿದರು. ನಮಗೆ ಇದ್ಯಾವುದೂ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದು ಇನ್ನೂ ಬೇಕಾದಷ್ಟಿತ್ತು. ಸ್ಕ್ರೀನಿನಲ್ಲಿ ಜನ ಜಾಸ್ತಿಯಾದರೆ ಗುಂಡು, ಸೈನಿಕರು ಎಲ್ಲಾ ಮಿಣಿಮಿಣಿ ಅಂತ ಮಿನುಗ್ತಿದ್ದವು. ಲೋ ವೋಲ್ಟೇಜು ಅಂತ ಅಣ್ಣ ಎದ್ದು ಹೋಗಿ ಸ್ಟೆಬಿಲೈಸರ್ ತಟ್ಟಿ ಬರ್ತಿದ್ದ. ಬಿಇ ಮಾಡುವಾಗ ಹಾಸ್ಟೆಲಿನಲ್ಲಿ ಓದಿ ತಿಳ್ಕೊಂಡೆ: ಆ ಪೆಟ್ಟಿಗೆಗೆ ಒಂದು ಅಡ್ಡ ಗೆರೆಯಲ್ಲಿ 8 ಚಿತ್ರಗಳಿಗಿಂತ ಹೆಚ್ಚು ತೋರಿಸಲು ಆಗಲ್ಲ. ಅದಕ್ಕೇ ಒಂದು ಸಲ ಇವನ್ನ, ಒಂದು ಸಲ ಅವನ್ನ ತೋರಿಸಿ ಸರಿದೂಗಿಸುತ್ತೆ. ಜಪಾನಿನ ಕ್ಯಾಸೆಟ್ಟಿನಲ್ಲಿ ಕೊನಾಮಿ ಒಂದು ಹೆಚ್ಚಿನ ಚಿಪ್ ಹಾಕಿತ್ತು. ಅಲ್ಲಿ ಕಾಡಿನ ಮರಗಳು ಅಲ್ಲಾಡುತ್ತವೆ, ಹಿಮದ ಲೆವೆಲ್ಲಿನಲ್ಲಿ ಹಿಮ ಬೀಳುತ್ತೆ. ಅಮೆರಿಕದ್ದರಲ್ಲಿ ಆ ಚಿಪ್ ಇಲ್ಲ, ಮರ ಅಲ್ಲಾಡಲ್ಲ. ನಮ್ಮದರಲ್ಲೂ ಅಲ್ಲಾಡ್ತಿರಲಿಲ್ಲ. ಅಮೆರಿಕದ ಗೇಮು ಪೂರ್ತಿ 128 ಕಿಲೋಬೈಟ್. ಪೆಟ್ಟಿಗೆಯ ವರ್ಕಿಂಗ್ ಮೆಮೊರಿ 2 ಕಿಲೋಬೈಟ್. ಇವತ್ತು ನಾನು ಕಳಿಸುವ ಒಂದು ಮೇಲಿನ ಸಿಗ್ನೇಚರಿನಲ್ಲಿರುವ ಕಂಪನಿ ಲೋಗೋ ಆ 2 ಕಿಲೋಬೈಟಿನಲ್ಲಿ ಹಿಡಿಯಲ್ಲ.

ಟೀ ಶರ್ಟಿನ ಕೋಡಿಗೆ ಬರೋಣ. ಅದು ಕಾಂಟ್ರಾಗೆ ಅಂತ ಹುಟ್ಟಿದ್ದಲ್ಲ. ಕಜುಹಿಸಾ ಹಶಿಮೊಟೊ ಎಂಬ ಪ್ರೋಗ್ರಾಮರ್ ಗ್ರಾಡಿಯಸ್ಸನ್ನು ಮನೆಯ ಪೆಟ್ಟಿಗೆಗೆ ತರುವ ಕೆಲಸ ಮಾಡ್ತಿದ್ದರು. ಟೆಸ್ಟ್ ಮಾಡೋಣ ಅಂದ್ರೆ ಗೇಮು ಅವರಿಗೇ ಕಷ್ಟ. ಅದಕ್ಕೆ ನೆನಪಿಡಲು ಸುಲಭವಾದ ಒಂದು ಕೋಡ್ ಇಟ್ಟುಕೊಂಡರು, ಅದು ಹಾಗೇ 1986ರಲ್ಲಿ ಗೇಮಿನ ಜೊತೆ ಮಾರುಕಟ್ಟೆಗೂ ಬಂತು. ಟೆಸ್ಟಿಂಗಿಗೆ ಇಟ್ಟದ್ದು ಪ್ರೊಡಕ್ಷನ್ನಿಗೆ ಹೋಗೋದು ನಮ್ಮ ಕೆಲಸದಲ್ಲಿ ಬೈಸಿಕೊಳ್ಳುವ ವಿಷಯ. ಅವರನ್ನು ಮಾತ್ರ ಅದು ಚರಿತ್ರೆಗೆ ಸೇರಿಸಿತು. ಹಶಿಮೊಟೊ 2020ರಲ್ಲಿ ತೀರಿಕೊಂಡರು.

ನಮಗೆ ಆ ಕೋಡ್ ಬೇಕಾಗಿರಲಿಲ್ಲ. ನಮ್ಮ ಕ್ಯಾಸೆಟ್ಟಿನ ಮೆನುವಿನಲ್ಲಿ ಕಾಂಟ್ರಾ ಐದಾರು ಸಲ ಇತ್ತು. ಒಂದರಲ್ಲಿ 30 ಲೈಫ್, ಇನ್ನೊಂದರಲ್ಲಿ ಸೀದಾ ಮೂರನೇ ಲೆವೆಲ್ಲು. ನಕಲು ಮಾಡಿದ ಯಾರೋ ಪುಣ್ಯಾತ್ಮ ಒಂದೆರಡು ಬೈಟ್ ತಿದ್ದಿ ಒಂದು ಗೇಮನ್ನು ಐದು ಮಾಡಿದ್ದ. ಹಾಗೇ ಮೊದಲ ಸ್ಕ್ರೀನಿನಿಂದ ಕೊನಾಮಿ ಅನ್ನೋ ಹೆಸರನ್ನೂ ಅಳಿಸಿದ್ದ. ಇವತ್ತು ನನ್ನ ಸಂಬಳ ಬರೋದು ಸಾಫ್ಟ್‌ವೇರ್ ಲೈಸೆನ್ಸ್ ಮಾರುವ ಕಂಪನಿಯಿಂದ. ನನ್ನ ಬಾಲ್ಯದ ಅತ್ಯಂತ ಸಂತೋಷದ ಅರ್ಧ ಗಂಟೆಗಳಿಗೆ ಅದನ್ನು ಮಾಡಿದವರಿಗೆ ಒಂದು ಪೈಸೆಯೂ ಹೋಗಿಲ್ಲ, ಅವರ ಕಂಪನಿಯ ಹೆಸರೂ ನನಗೆ ಗೊತ್ತಿರಲಿಲ್ಲ. "ಅದೇ ಕಾಲ ಚೆನ್ನಾಗಿತ್ತು" ಅಂತ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

ಈಗ ಆ ನಿಯಮದ ವಿಷಯ. ಕಾಂಟ್ರಾದಲ್ಲಿ ಇಬ್ಬರಿಗೂ ಒಂದೇ ಸ್ಕ್ರೀನು. ಬಂದೂಕಿನ ಪೆಟ್ಟಿಗೆ ಹಾರಿಬಂದು ಒಡೆದರೆ ಒಂದೇ 'ಎಸ್' ಬೀಳುತ್ತೆ. ಐದು ಗುಂಡು ಬೀಸಣಿಗೆಯ ಹಾಗೆ ಹರಡುವ ಬಂದೂಕು ಅದು. ಯಾರು ಮುಟ್ಟಿದರೆ ಅವರದು. ಸತ್ತರೆ ಅದೂ ಹೋಯಿತು. ಹಾಗಾಗಿ ಪ್ರತಿ ನಿಮಿಷಕ್ಕೂ ಒಂದು ನಿರ್ಧಾರ: ನಾನು ತಗೊಳ್ಲಾ, ಅವನಿಗೆ ಬಿಡ್ಲಾ? ಆದರೆ ನಿಜವಾದ ಪರೀಕ್ಷೆ ಮೂರನೇ ಲೆವೆಲ್ಲು, ಜಲಪಾತ. ಅಲ್ಲಿ ಬಲಕ್ಕೆ ಓಡೋದಿಲ್ಲ, ಮೇಲಕ್ಕೆ ಹತ್ತಬೇಕು. ಬಂಡೆಯಿಂದ ಬಂಡೆಗೆ. ಮುಂದಿರುವವನು ಮೇಲೆ ಹೋದಂತೆ ಸ್ಕ್ರೀನೂ ಮೇಲೆ ಹೋಗುತ್ತೆ. ಕೆಳಗೆ ಉಳಿದವನ ಕಾಲ ಕೆಳಗಿನ ಬಂಡೆ ಸ್ಕ್ರೀನಿನಾಚೆ ಮಾಯವಾಗುತ್ತೆ, ಅವನು ಸಾಯ್ತಾನೆ. ಶತ್ರು ಬೇಕಾಗಿಲ್ಲ. ಜೊತೆಗಾರ ಬೇಗ ಹತ್ತಿದರೆ ಸಾಕು.

ತರೀಕೆರೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ತಗೊಂಡು ಗೇಮ್ ಆಡಿಸುವ ಒಂದು ಅಂಗಡಿ ಇತ್ತು. ಅಲ್ಲಿ ಹುಡುಗರ ನಡುವೆ ಹೊಡೆದಾಟ ಆಗ್ತಿದ್ದದ್ದೆಲ್ಲಾ ಈ ಮೂರನೇ ಲೆವೆಲ್ಲಿಗೇ. "ಲೇ ನಿಲ್ಲೋ, ನಿಲ್ಲೋ" ಅಂತ ಕೂಗು, ಆಮೇಲೆ ಬೈಗುಳ. ನಮಗಂತೂ ಅದು ಕಲ್ಲತ್ತಿಗಿರಿ ಫಾಲ್ಸು. ಅಲ್ಲಿಗೆ ಮನೆಯವರ ಜೊತೆ ಹೋದಾಗ ಒದ್ದೆ ಬಂಡೆ ಮೇಲೆ ಅಣ್ಣ ಮೊದಲು ಹತ್ತಿ ನನಗೆ ಕೈ ಕೊಟ್ಟಿದ್ದ. ಗೇಮಿನಲ್ಲೂ ಅವನದು ಅದೇ ಅಭ್ಯಾಸ. ಎರಡು ಬಂಡೆ ಮೇಲೆ ಹೋಗಿ ನಿಲ್ತಿದ್ದ, ಉರುಳುವ ಕಲ್ಲು, ಗುಂಡು ತಪ್ಪಿಸಿಕೊಳ್ಳುತ್ತಾ, ನಾನು ಬರೋವರೆಗೆ. ನಿಂತಲ್ಲೇ ನಿಂತು ಎಷ್ಟೋ ಸಲ ಸಾಯ್ತಿದ್ದ.

ಒಂದು ಸಂಜೆ 3 ಲೈಫಿನ ಕಾಂಟ್ರಾ ಹಾಕಿ ಕೂತಿದ್ವಿ. ಯಾವ ವರ್ಷ ಸರಿಯಾಗಿ ನೆನಪಿಲ್ಲ, ಅವನು ಪಿಯುಸಿ, ನಾನು ಎಂಟನೇ ಕ್ಲಾಸು ಇರಬೇಕು. ಐದೂ ನಲವತ್ತಾಗಿತ್ತು. ಜಲಪಾತದಲ್ಲಿ ಆ ಸಲ ನಾನು ಮುಂದಿದ್ದೆ, ನನ್ನ ಹತ್ತಿರ ಎಸ್ ಇತ್ತು. ಅಣ್ಣನಿಗೆ ಉಳಿದದ್ದು ಒಂದೇ ಲೈಫು. ನಾನು ಗೋಡೆ ಗಡಿಯಾರ ನೋಡಿದೆ. ನಿಲ್ಲಲಿಲ್ಲ, ಹತ್ತಿದೆ. ನೀಲಿ ಚಡ್ಡಿ ಕೆಳಗೆ ಹೋಯಿತು. ಅಣ್ಣ ರಿಮೋಟು ಕೆಳಗಿಟ್ಟು ಗೋಡೆಗೆ ಒರಗಿ ಕೂತು ನೋಡಿದ. ಉಳಿದದ್ದನ್ನು ನಾನೊಬ್ಬನೇ ಆಡಿದೆ. ಕೊನೆಯ ಆ ದೊಡ್ಡ ಹೃದಯ ಒಡೆಯಿತು, ಹೆಲಿಕಾಪ್ಟರ್ ಹಾರಿತು, ಹಿಂದೆ ದ್ವೀಪ ಸಿಡಿಯಿತು. ಮಾರನೇ ದಿನ ಸ್ಕೂಲಿನಲ್ಲಿ "ನಾನು ಮುಗಿಸ್ದೆ" ಅಂತಲೇ ಹೇಳಿದ್ದು. ಕಾಫಿ ಮೆಷಿನ್ ಹತ್ತಿರ ನನ್ನ ಬಾಯಿಂದ ಬಂದ "ನಾವು" ಎಷ್ಟೋ ವರ್ಷದ ಮೇಲಿನ ತಿದ್ದುಪಡಿ.

ಆಮೇಲೆ ಬೋರ್‌ವೆಲ್ ಬತ್ತಿತು, ಅಪ್ಪನ ಸೊಂಟ ಹೋಯಿತು. ಒಬ್ಬರು ಊರಲ್ಲಿ ಇರಬೇಕಿತ್ತು, ಒಬ್ಬರ ಓದಿಗೆ ದುಡ್ಡಿತ್ತು. ಅದರ ಬಗ್ಗೆ ಇಲ್ಲಿ ಇಷ್ಟೇ ಸಾಕು.

ಕಾಂಟ್ರಾದ ಪರಂಪರೆ ಅಂತ ಹೇಳುವವರು ಸಾಮಾನ್ಯವಾಗಿ ಗನ್‌ಸ್ಟಾರ್ ಹೀರೋಸ್ (1993), ಮೆಟಲ್ ಸ್ಲಗ್ (1996) ಹೆಸರು ಹೇಳ್ತಾರೆ. ಸರಿಯೇ. ಗನ್‌ಸ್ಟಾರ್ ಮಾಡಿದ ಟ್ರೆಷರ್ ಕಂಪನಿಯನ್ನು ಕಟ್ಟಿದವರೇ ಕೊನಾಮಿ ಬಿಟ್ಟು ಬಂದವರು. ಆದರೆ ಇಬ್ಬರ ನಡುವಿನ ಆ ಸಂಬಂಧವನ್ನು ನಿಜವಾಗಿ ಅರ್ಥ ಮಾಡಿಕೊಂಡದ್ದು ಅಂತ ನನಗನ್ನಿಸಿದ್ದು 2017ರ ಕಪ್‌ಹೆಡ್. ಅದರಲ್ಲಿ ಜೊತೆಗಾರ ಸತ್ತರೆ ಅವನ ಆತ್ಮ ಮೇಲಕ್ಕೆ ತೇಲುತ್ತಾ ಹೋಗುತ್ತೆ. ಅದು ಸ್ಕ್ರೀನು ದಾಟುವುದರೊಳಗೆ ನೀವು ಹಾರಿ ಮುಟ್ಟಿದರೆ ಅವನು ಬದುಕ್ತಾನೆ. ನಿಮ್ಮ ಜೀವ ಪಣಕ್ಕಿಟ್ಟು ಮುಟ್ಟಬೇಕು. ಕಾಂಟ್ರಾ ಜಲಪಾತದಲ್ಲಿ ಕೇಳಿದ ಪ್ರಶ್ನೆಯನ್ನೇ ಅದು ತಿರುಗಿಸಿ ಕೇಳುತ್ತೆ. ಕೊನಾಮಿಯದೇ ಹೆಸರಲ್ಲಿ 2024ರಲ್ಲಿ ಬಂದ 'ಆಪರೇಷನ್ ಗಲುಗಾ'ದಲ್ಲಿ ಒಂದೇ ಏಟಿಗೆ ಸಾಯೋದು ಬೇಡ ಅಂದ್ರೆ ಹೆಲ್ತ್ ಬಾರ್ ಆರಿಸಿಕೊಳ್ಳಬಹುದು. ಚೆನ್ನಾಗೇ ಮಾಡಿದಾರೆ, ಚಿತ್ರ ಹೊಳೆಯುತ್ತೆ. ಆದರೆ ಏಟು ತಾಗಿದರೂ ಏನೂ ಆಗದಿದ್ದಾಗ ಪಕ್ಕದವನನ್ನು ನೋಡುವ ಅಗತ್ಯ ಕಡಿಮೆಯಾಗುತ್ತೆ. ನಾನು ಎರಡು ಸಂಜೆ ಆಡಿ ಬಿಟ್ಟೆ.

2019ರಲ್ಲಿ ಕೊನಾಮಿ ಹಳೇ ಕಾಂಟ್ರಾಗಳನ್ನೆಲ್ಲಾ ಸೇರಿಸಿ 'ಆನಿವರ್ಸರಿ ಕಲೆಕ್ಷನ್' ಅಂತ ತಂದಿತು. ಅದನ್ನು ದುಡ್ಡು ಕೊಟ್ಟು ಕೊಂಡೆ. ತಡವಾಗಿ ಕಟ್ಟಿದ ಸಾಲದ ಕಂತು ಅಂತ ಇಟ್ಕೊಳ್ಳಿ. ಹೋದ ದಸರಾಕ್ಕೆ ಲ್ಯಾಪ್‌ಟಾಪು, ಎರಡು ಕಂಟ್ರೋಲರು ತಗೊಂಡು ಊರಿಗೆ ಹೋದೆ. ಅದರಲ್ಲಿ ಜಪಾನಿನ ಕಾಂಟ್ರಾನೂ ಇದೆ, ಅದನ್ನೇ ಹಾಕಿದೆ. "ಏನೋ ಇದು, ಮರ ಅಲ್ಲಾಡ್ತಾವೆ?" ಅಂತ ಅಣ್ಣ ಮೊದಲು ಕೇಳಿದ್ದು ಅದನ್ನೇ. ಈಗ ಮನೇಲಿ ಯುಪಿಎಸ್ ಇದೆ, ಕರೆಂಟಿನ ಹೆದರಿಕೆ ಇಲ್ಲ. ಮೊದಲ ಲೆವೆಲ್ಲಿನ ಸೇತುವೆಯಲ್ಲೇ ಇಬ್ಬರೂ ಸತ್ವಿ. ಅಣ್ಣನ ಮಗ ಹಿಂದಿಂದ ನಕ್ಕ. ಅವನು ಫೋನಿನಲ್ಲಿ ಎಲ್ಲೆಲ್ಲಿಯವರದೋ ಜೊತೆ ಸೇರಿ ಗುಂಡು ಹಾರಿಸುವವನು.

ನಾಲ್ಕನೇ ಸಲಕ್ಕೆ ಜಲಪಾತಕ್ಕೆ ಬಂದ್ವಿ. ನಾನು ಆ ಸಂಜೆಯ ವಿಷಯ ತೆಗೆದೆ. ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ದು.

ಅಣ್ಣ ಸ್ಕ್ರೀನಿನಿಂದ ಕಣ್ಣು ತೆಗೀಲಿಲ್ಲ. "ಅದಾ? ಕರೆಂಟು ಹೋಗುತ್ತೆ ಹತ್ತೋ ಅಂತ ನಾನೇ ಅಂದಿದ್ನಲ್ಲೋ" ಅಂದ.

ಅವನು ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದಿದ್ದನೋ, ಈಗ ನನಗೋಸ್ಕರ ಅಂದನೋ ಗೊತ್ತಿಲ್ಲ. ಕೇಳೋಣ ಅನ್ನುವಷ್ಟರಲ್ಲಿ, "ಮುಂದೆ ನೋಡ್ಕೊಂಡು ಆಡೋ, ಕಲ್ಲು ಬರ್ತಿದೆ" ಅಂದ. ನಾನು ಕಲ್ಲಿಗೆ ಸಿಕ್ಕಿ ಸತ್ತೆ. ಅವನು ಒಂದು ಬಂಡೆ ಮೇಲೆ ನಿಂತಿದ್ದ.

ಟೀ ಶರ್ಟಿನ ಹುಡುಗನಿಗೆ, ಮತ್ತೆ ಇದನ್ನು ಓದಿ ಆಡಿ ನೋಡೋಣ ಅನ್ನಿಸಿದವರಿಗೆ ನನ್ನ ಸಲಹೆ ಇಷ್ಟೇ. ಕೋಡ್ ಬೇಡ. ಸೇವ್ ಮಾಡಬೇಡಿ. ಒಬ್ಬರೇ ಆಡಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಅರ್ಧ ಗಂಟೆ ಸಾಕು. ಮೂರನೇ ಲೆವೆಲ್ ಬಂದಾಗ ಮಾತ್ರ ಎರಡು ಬಂಡೆ ಹತ್ತಿ ಸ್ವಲ್ಪ ನಿಂತ್ಕೊಳ್ಳಿ.